ಬಂಕಾಪುರದ ಒಡೆತನ ಮತ್ತು ಸೇವಾವೃತ್ತಿಯ ಯೋಧ ಮನೆತನಗಳು

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿಗೆ ಸೇರಿದ ಬಂಕಾಪುರವು ಕರ್ನಾಟಕದ ರಾಜಕೀಯ ಇತಿಹಾಸದಲ್ಲಿ ಸುಮಾರು ಒಂಬತ್ತು ಶತಮಾನಗಳ ಕಾಲ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಸ್ಥಳವಾಗಿದೆ. ರಾಷ್ಟ್ರಕೂಟರ ಕಾಲದ ಜೈನ ಪುರಾಣವೊಂದರ ಪ್ರಶಸ್ತಿಯಲ್ಲಿ, ಕಲ್ಯಾಣ ಚಾಲುಕ್ಯರ ಶಾಸನದಲ್ಲಿ, ಹೊಯ್ಸಳರ ನೆಲೆವೀಡುಗಳ ಪಟ್ಟಿಯಲ್ಲಿ, ಬಹಮನಿ ಸುಲ್ತಾನರ ಮದುವೆಯ ಕರಾರಿನಲ್ಲಿ, ಆದಿಲಶಾಹಿಗಳ ಮುತ್ತಿಗೆಯ ವರ್ಣನೆಯಲ್ಲಿ, ಕೊನೆಗೆ ಸವಣೂರು ನವಾಬರ ವಂಶವೃತ್ತಾಂತದಲ್ಲಿ ಈ ಊರಿನ ಹೆಸರು ಬರುತ್ತದೆ. ಇಷ್ಟು ದೀರ್ಘಾವಧಿಯಲ್ಲಿ ಇದು ಯಾವ ಸಾರ್ವಭೌಮ ರಾಜವಂಶದ ಸ್ಥಿರ ರಾಜಧಾನಿಯೂ ಆಗಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಇದನ್ನು ಕೈಯಲ್ಲಿಟ್ಟುಕೊಂಡಿದ್ದವರು ಬಹುಮಟ್ಟಿಗೆ ಮತ್ತೊಬ್ಬ ಅರಸನ ಪರವಾಗಿ ಕತ್ತಿ ಹಿಡಿದು, ಆ ಸೇವೆಯ ಪ್ರತಿಫಲವಾಗಿ ನಾಡನ್ನು ಉಂಬಳಿಯಂತೆ ಉಂಡವರು. ಬಂಕಾಪುರವೆಂಬ ಹೆಸರೇ ಅಂತಹ ಒಬ್ಬ ದಂಡನಾಯಕನದು.

ಈ ಪ್ರದೇಶದ ಚರಿತ್ರೆಯನ್ನು ರಾಜವಂಶಗಳ ಅನುಕ್ರಮದಲ್ಲಿ ಬರೆಯುವುದು ವಾಡಿಕೆ. ರಾಷ್ಟ್ರಕೂಟರು, ಚಾಲುಕ್ಯರು, ಹಾನಗಲ್ಲಿನ ಕದಂಬರು, ಹೊಯ್ಸಳರು, ವಿಜಯನಗರ ಎಂದು ಬರೆದು, ಅಲ್ಲಿಗೆ ಒಂದು ಗೆರೆ ಎಳೆದು, ಆದಿಲಶಾಹಿ ಮತ್ತು ಸವಣೂರು ನವಾಬರನ್ನು ಬೇರೆಯದೇ ಅಧ್ಯಾಯಕ್ಕೆ ಸೇರಿಸಲಾಗುತ್ತದೆ. ಈ ಪದ್ಧತಿಯಿಂದ ಎರಡು ತೊಡಕುಗಳುಂಟಾಗಿವೆ. ಒಂದನೆಯದು, ಅರಸರ ಹೆಸರುಗಳ ಹಿಂದೆ ನಿಜವಾಗಿ ನೆಲವನ್ನು ಹಿಡಿದಿದ್ದ ಯೋಧ ಮನೆತನಗಳ ಸ್ವರೂಪ ಮರೆಯಾಗಿದೆ. ಎರಡನೆಯದು, ವೀರಗಲ್ಲುಗಳಲ್ಲಿ ಕಾಣುವ ಸಾವುಗಳೆಲ್ಲವೂ ‘ನಾಡಿಗಾಗಿ ಮಾಡಿದ ಬಲಿದಾನ’ ಎಂಬ ಒಂದೇ ಹಣೆಪಟ್ಟಿಯ ಕೆಳಗೆ ಬಂದಿವೆ. ಬಂಕಾಪುರದ ಒಡೆತನವನ್ನು ಸೇವೆ ಮತ್ತು ಸಂಭಾವನೆಯ ದೃಷ್ಟಿಯಿಂದ ಪರಿಶೀಲಿಸಿದರೆ ಚೆಲ್ಲಕೇತನ ಬಂಕೆಯನಿಗೂ ಮಿಯಾನಾ ಪಠಾಣ ಬಹಲೋಲಖಾನನಿಗೂ ನಡುವೆ ನಾವು ಊಹಿಸಿರುವುದಕ್ಕಿಂತ ಹೆಚ್ಚಿನ ಸಾಮ್ಯವಿದೆಯೆಂಬುದನ್ನು ತೋರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಚೆಲ್ಲಕೇತನರು

ಬಂಕೆಯನ ವಿಷಯಕ್ಕೆ ಮುಖ್ಯ ಆಧಾರ ಇಂದಿನ ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ಕೊಣ್ಣೂರು ಶಾಸನ. ಶಕ 782, ಅಂದರೆ ಕ್ರಿ.ಶ. 860ರ ದಾನವನ್ನು ಹೇಳುವ ಈ ಶಾಸನವು ಈಗಿರುವ ರೂಪದಲ್ಲಿ ಹನ್ನೆರಡನೆಯ ಶತಮಾನದ ಪ್ರತಿ. ತಾಮ್ರಶಾಸನವೊಂದನ್ನು ನೋಡಿ ಕಲ್ಲಿನ ಮೇಲೆ ಬರೆಯಿಸಿದ್ದೆಂದು ಅದರಲ್ಲಿಯೇ ಹೇಳಿದೆ. ಆದುದರಿಂದ ಇದನ್ನು ಎಚ್ಚರಿಕೆಯಿಂದ ಬಳಸಬೇಕು. ಆದರೂ ಇದರ ಮುಖ್ಯಾಂಶಗಳು ಬೇರೆ ಶಾಸನಗಳೊಡನೆ ಹೊಂದಿಕೊಳ್ಳುತ್ತವೆ. ಬಂಕೆಯನು ಮುಕುಳ ಕುಲದವನು. ಅವನ ತಂದೆ ಕೊಳನೂರಿನ, ಅಂದರೆ ಇದೇ ಕೊಣ್ಣೂರಿನ ಅಧಿಪತಿ. ಒಂದು ಊರಿನ ಒಡೆತನವಿದ್ದ ಮನೆಯಿಂದ ಬಂದವನು ಅಮೋಘವರ್ಷ ನೃಪತುಂಗನ ಸೇನಾನಿಯಾಗಿ ಬನವಾಸಿಯೇ ಮೊದಲಾದ ನಾಡುಗಳ ಅಧಿಕಾರ ಪಡೆದನು.

ಈ ಏಳಿಗೆಗೆ ಕಾರಣವಾದ ಸೇವೆ ಯಾವುದೆಂಬುದನ್ನು ಶಾಸನ ವಿವರವಾಗಿ ಹೇಳುತ್ತದೆ. ಗಂಗವಾಡಿಯ ಮೇಲೆ ದಂಡೆತ್ತಿ ಹೋಗಲು ಅರಸನ ಆಜ್ಞೆಯಾಗುತ್ತದೆ. ಜೊತೆಯ ಸಾಮಂತರು ಅಸೂಯೆಯಿಂದ ಹಿಂದೆ ಸರಿಯುತ್ತಾರೆ. ಬಂಕೆಯನು ಕೈದಾಳದ ಕೋಟೆಯನ್ನು ಹಿಡಿದು, ತಲಕಾಡಿನ ಅರಸನನ್ನು ಓಡಿಸಿ, ಕಾವೇರಿಯನ್ನು ದಾಟುತ್ತಾನೆ. ಅಷ್ಟರಲ್ಲಿ ರಾಜಧಾನಿಯ ಕಡೆ ಅರಸನ ಮಗನೇ ದಂಗೆಯೆದ್ದ ಸುದ್ದಿ ಬರುತ್ತದೆ. ಮರಳಿ ಹೊರಟ ಬಂಕೆಯನು ಮೂರು ತಿಂಗಳೊಳಗೆ ಕಾರ್ಯ ಸಾಧಿಸದಿದ್ದರೆ ಬೆಂಕಿಗೆ ಬೀಳುವುದಾಗಿ ಪ್ರತಿಜ್ಞೆ ಮಾಡಿ, ದಂಗೆಯನ್ನು ಅಡಗಿಸುತ್ತಾನೆ. ಶಾಸನದ ಅತಿಶಯೋಕ್ತಿಯನ್ನು ಕಳೆದರೂ ಉಳಿಯುವ ಒಂದು ಅಂಶ ಮಹತ್ವದ್ದು. ಅರಸನಿಗೆ ಆಪತ್ತು ಬಂದದ್ದು ಸ್ವಂತ ಮಗನಿಂದ ಮತ್ತು ಮಗನ ಪಕ್ಷ ಸೇರಿದವರಿಂದ. ಅವನನ್ನು ಉಳಿಸಿದ್ದು ಹೊರಗಿನ ಮನೆತನದ ಸೇನಾನಿ. ರಕ್ತಸಂಬಂಧಿಯಿಂದ ಸಿಂಹಾಸನಕ್ಕೆ ಅಪಾಯವಿದ್ದ ಕಡೆ, ಸಿಂಹಾಸನಕ್ಕೆ ಹಕ್ಕುದಾರನಲ್ಲದ ಯೋಧನೇ ನಂಬಿಕೆಗೆ ಅರ್ಹನಾಗುತ್ತಾನೆ. ಇಂತಹ ಮನೆತನಗಳನ್ನು ಅರಸರು ಬೆಳೆಸಿದ್ದರ ಮೂಲಕಾರಣ ಇದೆಂದು ತೋರುತ್ತದೆ.

ಶಿಗ್ಗಾಂವಿ ತಾಲ್ಲೂಕಿನದೇ ಆದ ನಿಡಗುಂದಿಯ ಶಾಸನವು ಈ ಬೆಳವಣಿಗೆಯ ಮುಂದಿನ ಹೆಜ್ಜೆಯನ್ನು ತೋರಿಸುತ್ತದೆ. ಅದರ ಪ್ರಕಾರ ಬಂಕೆಯರಸನು ಬನವಾಸಿ 12000, ಬೆಳ್ಗಲಿ 300, ಕುಂದರಗೆ 70, ಕುಂದೂರು 500 ಮತ್ತು ಪುರಿಗೆರೆ 300 ನಾಡುಗಳನ್ನು ಆಳುತ್ತಿದ್ದಾಗ, ಅವನ ಮಗ ಕುಂದಟ್ಟೆಯು ನಿಡುಗುಂದಗೆ 12ನ್ನು ಆಳುತ್ತಿದ್ದನು. ಹನ್ನೆರಡು ಸಾವಿರದ ನಾಡಿನ ಅಧಿಕಾರಿಯ ಮಗನಿಗೆ ಹನ್ನೆರಡು ಊರುಗಳ ಆಡಳಿತ ಎಂಬುದನ್ನು ಬರಿಯ ಕಿರಿಯ ಹುದ್ದೆಯೆಂದು ಭಾವಿಸಲಾಗದು. ಅರಸನು ಕೊಟ್ಟ ದೊಡ್ಡ ನಾಡು ಅರಸನಿಂದಲೇ ಹಿಂದಕ್ಕೆ ಹೋಗಬಹುದಾಗಿತ್ತು. ಮನೆಯ ಮಕ್ಕಳು ಸಣ್ಣ ಸಣ್ಣ ಕಂಪಣಗಳಲ್ಲಿ ಊರಿಕೊಂಡರೆ ಅವರನ್ನು ಕೀಳುವುದು ಅಷ್ಟು ಸುಲಭವಲ್ಲ.

ಇನ್ನೊಬ್ಬ ಮಗ ಲೋಕಾದಿತ್ಯನ ಕಾಲಕ್ಕೆ ಈ ಮನೆತನ ತನ್ನ ಉಚ್ಛ್ರಾಯದಲ್ಲಿತ್ತು. ಗುಣಭದ್ರಾಚಾರ್ಯನ ಉತ್ತರಪುರಾಣದ ಪ್ರಶಸ್ತಿಯಂತೆ, ಅಕಾಲವರ್ಷನೆಂಬ ಇಮ್ಮಡಿ ಕೃಷ್ಣನ ಅಧೀನದಲ್ಲಿ ಲೋಕಾದಿತ್ಯನು ವನವಾಸ ದೇಶವನ್ನು ಬಂಕಾಪುರದಿಂದ ಆಳುತ್ತಿದ್ದಾಗ, ಶಕ 820ರಲ್ಲಿ (ಕ್ರಿ.ಶ. 898) ಆ ಪುರಾಣಕ್ಕೆ ಪೂಜೆ ಸಂದಿತು. ಆ ಪಟ್ಟಣಕ್ಕೆ ಅವನ ತಂದೆಯ ಹೆಸರನ್ನೇ ಇಡಲಾಗಿತ್ತೆಂದೂ ಅಲ್ಲಿ ಹೇಳಿದೆ. ಕೊಳನೂರಿನಲ್ಲಿ ಬಂಕೆಯನು ಕಟ್ಟಿಸಿದ ಜಿನಾಲಯಕ್ಕೆ ಅಮೋಘವರ್ಷನು ತಳೆಯೂರನ್ನು ದಾನ ಕೊಟ್ಟದ್ದು, ಮಗನ ಕಾಲದಲ್ಲಿ ಬಂಕಾಪುರವು ಜೈನವಿದ್ಯೆಯ ಕೇಂದ್ರವಾದದ್ದು, ಎರಡನ್ನೂ ಧರ್ಮಶ್ರದ್ಧೆಯೆಂದು ಹೇಳಿ ಮುಗಿಸುವುದುಂಟು. ಶ್ರದ್ಧೆಯನ್ನು ಅಲ್ಲಗಳೆಯಬೇಕಿಲ್ಲ. ಆದರೆ ಸೇವೆಯಿಂದ ಬಂದ ನೆಲದ ಒಂದು ಭಾಗ ಬಸದಿಗೆ ಸೇರಿದರೆ ಅದು ಆಚಂದ್ರಾರ್ಕವಾಗುತ್ತದೆ, ದಾನಿಯ ಹೆಸರು ಅದರೊಡನೆ ನಿಲ್ಲುತ್ತದೆ. ಅಧಿಕಾರವು ಅಸ್ಥಿರವಾಗಿದ್ದ ಮನೆತನಕ್ಕೆ ಇದು ಸಣ್ಣ ಲಾಭವೇನಲ್ಲ.

ಹಾಗೆ ನಿಂತ ಹೆಸರೂ ಕಾಲಾಂತರದಲ್ಲಿ ಏನಾಗುತ್ತದೆಂಬುದಕ್ಕೆ ಒಂದು ಕುತೂಹಲಕರ ನಿದರ್ಶನವಿದೆ. ಹತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮಹಾಸಾಮಂತ ಕಲಿವಿಟ್ಟರಸನು ಬನವಾಸಿ 12000ವನ್ನು ಆಳುತ್ತಿದ್ದನೆಂದು ಬಂದಳಿಕೆಯ ಶಾಸನದಿಂದ ತಿಳಿಯುತ್ತದೆ. ನಾಗರಖಂಡ 70ರ ನಾಳ್ಗಾವುಂಡ ನಾಗಾರ್ಜುನನು ತೀರಿಕೊಂಡಾಗ ಅವನ ಹೆಂಡತಿ ಜಕ್ಕಿಯಬ್ಬೆಗೆ ಆ ಪದವಿ ಸಂದುದನ್ನು ಹೇಳುವ ಪ್ರಸಿದ್ಧ ಶಾಸನವೇ ಇದು. ನಾಡಿನ ಹುದ್ದೆಯನ್ನು ಮನೆಯೊಳಗೇ ಉಳಿಸುವ ಪ್ರವೃತ್ತಿಗೆ ಅದೂ ಸಾಕ್ಷಿ. ಸುಮಾರು ಎರಡೂವರೆ ಶತಮಾನಗಳ ಅನಂತರ, ಕ್ರಿ.ಶ. 1159ರ ಶ್ರವಣಬೆಳಗೊಳದ ಶಾಸನವು ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳನು ಬಂಕಾಪುರದಲ್ಲಿ ಎರಡು ಜೀರ್ಣ ಬಸದಿಗಳನ್ನು ಎತ್ತಿಸಿದನೆಂದು ಹೇಳುತ್ತದೆ. ಅವುಗಳಲ್ಲೊಂದು ‘ಕಲಿವಿಟ’ನ ಬಸದಿ. ಅವನಿಗೆ ಆ ಹೆಸರು ಬಂದುದು ಕಲಿತನದಿಂದ ಮತ್ತು ವಿಟತನದಿಂದ ಎಂದು ಶಾಸನಕವಿ ವಿವರಿಸುತ್ತಾನೆ! ಈ ಕಲಿವಿಟನೂ ಚೆಲ್ಲಕೇತನ ಕಲಿವಿಟ್ಟರಸನೂ ಒಬ್ಬನೇ ಇರುವ ಸಂಭವ ಹೆಚ್ಚು. ಹಾಗಿದ್ದಲ್ಲಿ ಬನವಾಸಿ ನಾಡನ್ನು ಆಳಿದ ಮನೆತನದ ನೆನಪು ಅವರ ಪಟ್ಟಣದಲ್ಲಿಯೇ ಒಂದು ಶ್ಲೇಷೆಯ ಮಟ್ಟಕ್ಕೆ ಇಳಿದಿತ್ತೆಂದು ಹೇಳಬೇಕು.

ನೆಲವೇ ಸಂಬಳ

ಬನವಾಸಿ ನಾಡು ಹೀಗೆ ಕೈಬದಲಾಗುವುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಷ್ಟು ಸ್ಪಷ್ಟ ಸಾಕ್ಷ್ಯ ಬೇರೆಯಿಲ್ಲ. ಕ್ರಿ.ಶ. 949ರ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ಮುಮ್ಮಡಿ ಕೃಷ್ಣನು ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇವುಗಳನ್ನು ಮೆಚ್ಚಿ ಕೊಟ್ಟನು. ಅದೇ ಯುದ್ಧದಲ್ಲಿ ತನ್ನ ಮುಂದೆ ನಿಂತು ಕಾದಿದ ಮಣಲೆರನಿಗೆ ಬೂತುಗನು ಆತುಕೂರು 12ನ್ನು ಮತ್ತು ಬೆಳ್ವೊಲದ ಒಂದು ಊರನ್ನು ಬಾಳ್ಗಳ್ಚಾಗಿ, ಅಂದರೆ ಕತ್ತಿಯನ್ನು ತೊಳೆದು ಕೊಡುವ ಕೊಡುಗೆಯಾಗಿ ಕೊಟ್ಟನು. ಮಣಲೆರನು ಅರಸನಲ್ಲಿ ‘ಕಾಳಿ’ಯೆಂಬ ನಾಯಿಯನ್ನು ಬೇಡಿ ಪಡೆದ ಕಥೆಯಿಂದ ಈ ಶಾಸನ ಜನಪ್ರಿಯವಾಗಿದೆ. ನಾಯಿಯ ಕಥೆ ಸೊಗಸಾದುದೇ. ಆದರೆ ಸಾರ್ವಭೌಮನಿಂದ ಸಾಮಂತನಿಗೆ, ಸಾಮಂತನಿಂದ ಭಟನಿಗೆ ನೆಲವು ಒಂದೇ ಯುದ್ಧದ ಲೆಕ್ಕದಲ್ಲಿ ಹೇಗೆ ಇಳಿದು ಬರುತ್ತಿತ್ತೆಂಬುದನ್ನು ಒಂದೇ ಕಲ್ಲಿನ ಮೇಲೆ ತೋರಿಸುವುದು ಇದರ ನಿಜವಾದ ಬೆಲೆ. ಬನವಾಸಿಯನ್ನು ತಲೆಮಾರುಗಳ ಕಾಲ ಆಳಿದ ಮನೆತನದ ಪ್ರಸ್ತಾಪವೇ ಇಲ್ಲಿ ಬರುವುದಿಲ್ಲ.

ಸೇವೆಗೂ ಸಂಭಾವನೆಗೂ ಇದ್ದ ಈ ಸಂಬಂಧಕ್ಕೆ ಕನ್ನಡದಲ್ಲಿ ಒಂದು ಸಮೃದ್ಧ ಪದಕೋಶವೇ ಇತ್ತು. ಬದುಕಿದ್ದವನಿಗೆ ಕೊಟ್ಟದ್ದು ಬಾಳ್ಗಳ್ಚು. ಮಡಿದವನ ಮನೆಯವರಿಗೆ ಕೊಟ್ಟದ್ದು ಕಲ್ನಾಡು, ನೆತ್ತರುಗೊಡಗೆ. ಉಂಡ ಅನ್ನದ ಋಣಕ್ಕಾಗಿ ಹೋರಾಡುವ ಕಟ್ಟು ಜೋಳವಾಳಿ. ಒಡೆಯನೊಡನೆ ಸಾಯುವೆನೆಂದು ಭಾಷೆ ಕೊಟ್ಟು ನಡೆಯುವುದು ವೇಳೆವಾಳಿ. ಈ ಶಬ್ದಗಳ ಅರ್ಥವ್ಯಾಪ್ತಿಯನ್ನು ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ವೇಳೆವಾಳಿಯ ತುತ್ತತುದಿಯನ್ನು ಹಳೇಬೀಡಿನ ಕುವರ ಲಕ್ಷ್ಮನ ಕಂಬದಲ್ಲಿ ಕಾಣಬಹುದು. ಇಮ್ಮಡಿ ಬಲ್ಲಾಳನು ತೀರಿಕೊಂಡಾಗ ಅವನ ದಂಡನಾಯಕ ಲಕ್ಷ್ಮನು ಹೆಂಡತಿ ಮತ್ತು ತನ್ನ ಭಟಪರಿವಾರದೊಡನೆ ಆತ್ಮಾರ್ಪಣೆ ಮಾಡಿಕೊಂಡನು. ಆ ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕೊಯ್ದುಕೊಳ್ಳುತ್ತಿರುವ ಭಟರ ಶಿಲ್ಪಗಳಿವೆ.

ಈ ಪದಗಳಲ್ಲಿ ಅನ್ನ, ನೆತ್ತರು, ಭಾಷೆ ಇವೆ. ‘ನಾಡು’ ಎಂಬ ಮಾತು ಬಂದಾಗಲೂ ಅದು ಪಾನುಂಗಲ್ಲು 500 ಅಥವಾ ನಾಗರಖಂಡ 70ರಂತಹ ಆಡಳಿತ ಘಟಕವೇ ಹೊರತು ನಾವು ಇಂದು ಆ ಮಾತಿಗೆ ಕೊಡುವ ಭಾವಾರ್ಥದ ನಾಡಲ್ಲ. ಇದನ್ನು ಒತ್ತಿ ಹೇಳಬೇಕಾದ ಅಗತ್ಯವಿದೆ.

ಇಂತಹ ಏರ್ಪಾಡು ಕನ್ನಡ ನಾಡಿಗೆ ಮಾತ್ರ ಸೀಮಿತವಾದುದಲ್ಲ. ಮಧ್ಯಯುಗದ ಐರ್ಲೆಂಡಿನ ಗೇಲಿಕ್ ಸಮಾಜದಲ್ಲಿ ‘ಗ್ಯಾಲೊಗ್ಲಾಸ್’ ಎಂಬ ಹೆಸರಿನ ಯೋಧ ಮನೆತನಗಳಿದ್ದವು. ಸ್ಕಾಟ್ಲೆಂಡಿನ ಪಶ್ಚಿಮ ತೀರ ಮತ್ತು ದ್ವೀಪಗಳಿಂದ ಹದಿಮೂರನೆಯ ಶತಮಾನದಿಂದ ಮುಂದಕ್ಕೆ ಬಂದು ನೆಲೆಸಿದ ಇವರು ಕೊಡಲಿ ಹಿಡಿದು ಕಾದುವ ಕಾಲಾಳುಗಳು. ಕ್ರಿ.ಶ. 1259ರಲ್ಲಿ ಕೊನಾಟ್ ಪ್ರಾಂತದ ಓ ಕಾನರ್ ಮನೆತನದ ರಾಜಕುಮಾರನು ಸ್ಕಾಟ್ ದ್ವೀಪಗಳ ಮುಖ್ಯಸ್ಥನೊಬ್ಬನ ಮಗಳನ್ನು ಮದುವೆಯಾದಾಗ ವಧುವಿನೊಡನೆ 160 ಮಂದಿ ಇಂತಹ ಭಟರು ಬಳುವಳಿಯಾಗಿ ಬಂದರೆಂದು ಅಲ್ಲಿಯ ವರ್ಷಾನುಚರಿತೆಗಳು ಹೇಳುತ್ತವೆ. ಐರಿಶ್ ಮುಖ್ಯಸ್ಥರ ಕುಲಗಳೊಳಗೆ ಉತ್ತರಾಧಿಕಾರಕ್ಕಾಗಿ ಅಣ್ಣತಮ್ಮಂದಿರ, ದಾಯಾದಿಗಳ ಕಾದಾಟ ನಿತ್ಯದ ಸಂಗತಿಯಾಗಿತ್ತು. ಕುಲದ ಹೊರಗಿನವರಾದ ಗ್ಯಾಲೊಗ್ಲಾಸರಿಗೆ ಆ ಹಕ್ಕಿನ ಹಂಬಲ ಇರಲಿಲ್ಲವಾದ್ದರಿಂದ ಮುಖ್ಯಸ್ಥನು ಅವರನ್ನು ನೆಚ್ಚಿದನು. ಅಮೋಘವರ್ಷನ ಮಗನ ದಂಗೆಯ ಸಂದರ್ಭ ಇಲ್ಲಿ ನೆನಪಾಗದಿರದು. ಇವರಲ್ಲಿ ಪ್ರಸಿದ್ಧರಾದ ಮ್ಯಾಕ್‌ಸ್ವೀನಿಗಳು ಓ ಡೊನೆಲ್ ಒಡೆಯರ ಕೆಳಗೆ ವಾಯವ್ಯ ಐರ್ಲೆಂಡಿನಲ್ಲಿ ಮೂರು ಶಾಖೆಗಳಾಗಿ ಭೂಮಿ ಪಡೆದು ತಾವೇ ಸ್ಥಳೀಯ ಒಡೆಯರಾದರು. ಭೂಮಿಯ ಪ್ರತಿ ಪಾಲಿಗೆ ಇಬ್ಬರು ಭಟರನ್ನು ಕೊಡಬೇಕು, ಕೊರತೆಯಾದ ಒಬ್ಬೊಬ್ಬ ಭಟನಿಗೂ ಎರಡು ಹಸುಗಳ ದಂಡ ತೆರಬೇಕು ಎಂಬ ಕರಾರು ಅವರ ಕುಲಗ್ರಂಥದಲ್ಲಿ ದಾಖಲಾಗಿದೆ. ಒಂದು ಹಸು ಆಳಿಗೆ, ಇನ್ನೊಂದು ಅವನ ಆಯುಧಕ್ಕೆ.

ಕರಾರಿನ ಈ ಬಿಚ್ಚುಮಾತು ನಮ್ಮ ಶಾಸನಗಳಲ್ಲಿ ಅಪರೂಪ. ಇಲ್ಲಿ ಲೆಕ್ಕವಿರಲಿಲ್ಲವೆಂದಲ್ಲ, ಶಾಸನವು ಲೆಕ್ಕ ಮುಗಿದ ಮೇಲೆ ಹಾಕಿಸುವ ಬರಹವಾದ್ದರಿಂದ ಅದರಲ್ಲಿ ಮೆಚ್ಚುಗೆಯ ಮಾತು ಉಳಿದಿದೆ, ಚೌಕಾಸಿಯ ಮಾತು ಉಳಿದಿಲ್ಲ.

ಹಾನಗಲ್ಲಿನ ಕಲ್ಲುಗಳು

ಹನ್ನೊಂದನೆಯ ಶತಮಾನದ ಹೊತ್ತಿಗೆ ಈ ಪ್ರದೇಶದಲ್ಲಿ ಹಾನಗಲ್ಲಿನ ಕದಂಬರು ಪ್ರಬಲರಾದರು. ತಾವು ಮಯೂರವರ್ಮನ ವಂಶದವರೆಂದೂ ಬನವಾಸಿ ಪುರವರಾಧೀಶ್ವರರೆಂದೂ ಇವರು ಹೇಳಿಕೊಂಡರು. ಕ್ರಿ.ಶ. 1055ರ ಬಂಕಾಪುರದ ಶಾಸನದಲ್ಲಿ ಚಾಲುಕ್ಯ ರಾಜಕುಮಾರ ವಿಕ್ರಮಾದಿತ್ಯನು ಗಂಗವಾಡಿ 96000 ಮತ್ತು ಬನವಾಸಿ 12000ವನ್ನು ಆಳುತ್ತಿದ್ದಾಗ, ಅವನ ಕೆಳಗೆ ಕದಂಬ ಹರಿಕೇಸರಿಯು ಹೆಂಡತಿ ಲಚ್ಚಲದೇವಿಯೊಡನೆ ಇಲ್ಲಿಯ ಬಸದಿಗೆ ದಾನ ಕೊಡುತ್ತಾನೆ. ವಂಶದ ಹೆಸರು ಎಷ್ಟೇ ಪುರಾತನವಾಗಿರಲಿ, ಕಲ್ಯಾಣದ ಅರಸರಿಗೆ ಇವರು ದಂಡು ಒದಗಿಸಬೇಕಾದ ಮಾಂಡಲಿಕರೇ.

ಚಾಲುಕ್ಯರ ಹಿಡಿತ ಸಡಿಲಾದಂತೆ ಹಾನಗಲ್ಲು ಮತ್ತು ಬಂಕಾಪುರಗಳು ಉತ್ತರಕ್ಕೆ ಒತ್ತಿಬರುತ್ತಿದ್ದ ಹೊಯ್ಸಳರ ಗುರಿಯಾದವು. ಹಾನಗಲ್ಲನ್ನು ಗೆದ್ದವನೆಂಬುದು ವಿಷ್ಣುವರ್ಧನನ ಬಿರುದುಗಳಲ್ಲೊಂದು. ಅವನು ತನ್ನ ಕೊನೆಯ ವರ್ಷಗಳಲ್ಲಿ ಬಂಕಾಪುರದ ನೆಲೆವೀಡಿನಿಂದ ಆಳಿದನು, ತೀರಿಕೊಂಡದ್ದೂ ಇಲ್ಲಿಯೇ. ಆ ವರ್ಷ 1141ರ ಸುಮಾರೋ ಅದರ ಅನಂತರವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಕೋಟೆಯೊಳಗಿನ ನಗರೇಶ್ವರ ದೇವಾಲಯ, ಊರವರ ಬಾಯಲ್ಲಿ ಅರವತ್ತು ಕಂಬದ ಗುಡಿ, ಈ ಹಳೆಯ ವೈಭವಕ್ಕೆ ಉಳಿದಿರುವ ಮುಖ್ಯ ಸಾಕ್ಷಿ. ಅದರ ಸುತ್ತ ಈಗ ನವಿಲುಗಳ ಧಾಮವಿದೆ.

ವಿಷ್ಣುವರ್ಧನನ ಗೆಲುವು ಶಾಶ್ವತವಾಗಲಿಲ್ಲ. ಕ್ರಿ.ಶ. 1196ರಲ್ಲಿ ಅವನ ಮೊಮ್ಮಗ ಇಮ್ಮಡಿ ಬಲ್ಲಾಳನು ಮತ್ತೆ ಹಾನಗಲ್ಲಿನ ಮೇಲೆ ಬಂದು, ಆನೆಕೆರೆಯ ಬಳಿ ಬೀಡು ಬಿಟ್ಟು ಪಟ್ಟಣಕ್ಕೆ ಮುತ್ತಿಗೆ ಹಾಕಿದನು. ಕದಂಬ ಕಾಮದೇವನ ದಂಡನಾಯಕ ಸೋಹಣಿ ಮತ್ತು ಅವನ ಮಗ ಪದ್ಮಯ್ಯ ಎದುರಿಸಿ ಹೊಯ್ಸಳ ಸೈನ್ಯವನ್ನು ಹಿಮ್ಮೆಟ್ಟಿಸಿದರು. ಆ ಕಾಳಗದಲ್ಲಿ ಸೋಹಣಿ ಮಡಿದನು. ಇದನ್ನು ಹೇಳುವುದು ಹಾನಗಲ್ಲಿನ ಒಂದು ವೀರಗಲ್ಲು. ಹೊಯ್ಸಳರ ಪ್ರಶಸ್ತಿಗಳನ್ನಷ್ಟೇ ಓದಿದವರಿಗೆ ಈ ಹಿಮ್ಮೆಟ್ಟಿದ ಸಂಗತಿ ತಿಳಿಯುವಂತಿಲ್ಲ. ಅಪ್ಪ ಮಗ ಇಬ್ಬರೂ ಒಂದೇ ರಣದಲ್ಲಿರುವುದನ್ನೂ ಗಮನಿಸಬೇಕು. ಕೊಳನೂರಿನ ಮನೆತನದಲ್ಲಿ ಕಂಡಂತೆ ಇಲ್ಲಿಯೂ ಯುದ್ಧಸೇವೆ ಮನೆಯ ಕಸುಬು. ತಂದೆ ಬಿದ್ದರೂ ಒಡೆಯನಿಗೆ ಆ ಮನೆಯ ಸೇವೆ ನಿಲ್ಲುವುದಿಲ್ಲ, ಒಡೆಯನು ಆ ಮನೆಯನ್ನು ಬಿಡುವಂತೆಯೂ ಇಲ್ಲ.

ಸೋಹಣಿಯನ್ನು ‘ನಾಡಿನ ಸ್ವಾತಂತ್ರ್ಯಕ್ಕಾಗಿ ಮಡಿದ ವೀರ’ ಎನ್ನಬಹುದೇ? ಮುತ್ತಿಗೆ ಹಾಕಿದವನೂ ಕನ್ನಡ ಅರಸ, ತಡೆದವನೂ ಕನ್ನಡ ಮಾಂಡಲಿಕ. ಎರಡೂ ಕಡೆ ಕಾದಿದ ಭಟರ ಭಾಷೆಯಾಗಲಿ ದೈವವಾಗಲಿ ಬೇರೆಯಲ್ಲ. ಸೋಹಣಿ ಸತ್ತದ್ದು ಕಾಮದೇವನಿಗಾಗಿ, ಕಾಮದೇವನು ಕೊಟ್ಟ ಪದವಿಗಾಗಿ. ಹೀಗೆಂದರೆ ಆ ಸಾವಿನ ಗೌರವ ಕಡಿಮೆಯಾಗುತ್ತದೆಂದು ಭಾವಿಸುವವರಿದ್ದಾರೆ. ಸೋಹಣಿಯ ಕಾಲದವರು ಹಾಗೆ ಭಾವಿಸಿರಲಿಲ್ಲ. ಜೋಳವಾಳಿಯನ್ನು ಸಲ್ಲಿಸುವುದೇ ಅವರಿಗೆ ದೊಡ್ಡ ಧರ್ಮವಾಗಿತ್ತು. ನಮ್ಮ ಕಾಲದ ಮಾತನ್ನು ಅವರ ಕಲ್ಲಿನ ಮೇಲೆ ಹೊರಿಸಿದರೆ ಅವರು ನಿಜವಾಗಿ ಬೆಲೆ ಕೊಟ್ಟದ್ದು ಯಾವುದಕ್ಕೆಂಬುದು ಮರೆತುಹೋಗುತ್ತದೆ.

ಇದಕ್ಕಿಂತ ಹೆಚ್ಚಿನ ಅನ್ಯಾಯ ಇನ್ನೊಂದು ಬಗೆಯ ಕಲ್ಲುಗಳಿಗೆ ಆಗಿದೆ. ಹಾನಗಲ್ಲು, ಹಿರೇಕೆರೂರು ಕಡೆಯ ಊರುಗಳ ಗುಡಿಯ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ ನಿಂತಿರುವ ವೀರಗಲ್ಲುಗಳಲ್ಲಿ ತುರುಗೋಳು, ಊರಳಿವು, ಪೆಣ್ಬುಯ್ಯಲುಗಳಲ್ಲಿ ಸತ್ತವರ ಕಲ್ಲುಗಳೂ ಇವೆ. ದನ ಹೊಡೆದುಕೊಂಡು ಹೋಗುವವರನ್ನು ಅಟ್ಟಿ ಹೋದವನು, ಊರು ಸುಲಿಯಲು ಬಂದವರನ್ನು ತಡೆದವನು, ಹೆಂಗಸರ ಮಾನಕ್ಕಾಗಿ ಅಡ್ಡ ಬಿದ್ದವನು ಸಾಮಾನ್ಯವಾಗಿ ಯಾವ ದಂಡಿನ ಸಂಬಳದಾಳೂ ಅಲ್ಲ. ಊರ ಗಾವುಂಡನ ಮಗ, ಒಕ್ಕಲಿಗ, ಅಗಸ, ತಳವಾರ, ಹೀಗೆ ಯಾರಾದರೂ ಆಗಿರಬಹುದು. ಅವನ ನೆತ್ತರುಗೊಡಗೆಯನ್ನು ಪಡೆದವರು ಅವನ ಮನೆಯವರು. ದನ ಹೊಡೆಯಲು ಬಂದವರು ಯಾರು? ಎಷ್ಟೋ ಸಂದರ್ಭಗಳಲ್ಲಿ ನೆರೆಯ ಮಾಂಡಲಿಕನ ಭಟರೇ. ದೊಡ್ಡ ಯುದ್ಧಗಳಿಗೆ ಮೊದಲು ಎದುರಾಳಿಯ ನಾಡಿನ ತುರುಗಳನ್ನು ಹಿಡಿಯುವುದು ಯುದ್ಧಾರಂಭದ ರೂಢಿಯಾಗಿತ್ತು. ಭಟರಿಗೆ ಕೊಳ್ಳೆಯೂ ಸಂಭಾವನೆಯ ಒಂದು ಭಾಗ. ಅಂದಮೇಲೆ ಒಬ್ಬನ ಬಾಳ್ಗಳ್ಚಿನ ಹಿಂದೆ ಇನ್ನೊಬ್ಬನ ನೆತ್ತರುಗೊಡಗೆ ಇದೆ. ಇಬ್ಬರ ಕಲ್ಲುಗಳಲ್ಲಿಯೂ ಅಪ್ಸರೆಯರು ಕೈಹಿಡಿದು ಒಯ್ಯುತ್ತಾರೆ, ಮೇಲಿನ ಪಟ್ಟಿಕೆಯಲ್ಲಿ ಇಬ್ಬರಿಗೂ ಒಂದೇ ಕೈಲಾಸ. ಶಿಲ್ಪಿಗೆ ಆ ಭೇದ ಬೇಕಾಗಿರಲಿಲ್ಲ. ಚರಿತ್ರಕಾರನಿಗೆ ಬೇಕು. ಎಲ್ಲವನ್ನೂ ಬಲಿದಾನವೆಂದು ಕರೆದಾಗ ದನ ಕಳೆದುಕೊಂಡವನೂ ದನ ಹೊಡೆದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಬರ್ಗಿಗಳು, ಮಿಯಾನಾ ಪಠಾಣರು

ವಿಜಯನಗರ ಕಾಲದ ಬಂಕಾಪುರದ ಬಗೆಗೆ ಇಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕ್ರಿ.ಶ. 1406ರಲ್ಲಿ ಒಂದನೆಯ ದೇವರಾಯನು ಫಿರೋಜಶಹಾ ಬಹಮನಿಗೆ ಇದನ್ನು ಮಗಳ ಬಳುವಳಿಯ ಭಾಗವಾಗಿ ಬಿಟ್ಟುಕೊಟ್ಟನೆಂದು ಫೆರಿಸ್ತಾ ಬರೆದಿದ್ದಾನೆ. ಅವನ ಬರಹ ಸುಲ್ತಾನರ ಪಕ್ಷಪಾತದಿಂದ ಕೂಡಿದ್ದು, ಮದುವೆಯ ವರ್ಣನೆಯನ್ನು ಪೂರ್ತಿಯಾಗಿ ನಂಬುವಂತಿಲ್ಲ. ಗಡಿಯ ಕೋಟೆಯಾಗಿ ಬಂಕಾಪುರಕ್ಕಿದ್ದ ಬೆಲೆ ಮಾತ್ರ ಅದರಿಂದ ವ್ಯಕ್ತವಾಗುತ್ತದೆ.

ರಕ್ಕಸತಂಗಡಗಿಯ ಯುದ್ಧದ (1565) ಅನಂತರ, ರಾಮರಾಯನ ಪರಿವಾರದಲ್ಲಿದ್ದ ವೇಲಪ್ಪನೆಂಬವನು ಬಂಕಾಪುರವನ್ನು ಸ್ವತಂತ್ರವಾಗಿ ಹಿಡಿದಿದ್ದನು. 1573ರಲ್ಲಿ ಒಂದನೆಯ ಅಲಿ ಆದಿಲಶಹನು ಮುಸ್ತಫಾಖಾನನ ನೇತೃತ್ವದಲ್ಲಿ ಮುತ್ತಿಗೆ ಹಾಕಿಸಿದಾಗ ಕೋಟೆ ಒಂದು ವರ್ಷಕ್ಕೂ ಮೀರಿ ತಡೆದು ನಿಂತಿತು. ಕೋಟೆಯವರ ನೆರವಿಗೆ ಬಂದ ಪಡೆಗಳು ರಾತ್ರಿಯ ದಾಳಿಗಳಿಂದ ಮುತ್ತಿಗೆಯ ಸೈನ್ಯಕ್ಕೆ ದವಸ ಬರದಂತೆ ಮಾಡಿದವು. ಅದನ್ನು ಮುರಿಯಲು ಮುಸ್ತಫಾಖಾನನು ಬಳಸಿದ್ದು ಬಿಜಾಪುರದ ಸೇವೆಯಲ್ಲಿದ್ದ ಬರ್ಗಿ ಸವಾರರನ್ನು. ಇವರು ದಖನ್ನಿನ ಹಿಂದೂ ಕುದುರೆ ಸವಾರರು. ಕೆಲವೇ ವರ್ಷಗಳಲ್ಲಿ ಇದೇ ಬರ್ಗಿ ನಾಯಕರು ಬಿಜಾಪುರದ ವಿರುದ್ಧ ತಿರುಗಿಬಿದ್ದು ವಿಜಯನಗರದ ಅರಸನ ಕಡೆ ಹೋದರು, ಅವರಲ್ಲಿ ಹಲವರನ್ನು ಆದಿಲಶಹನು ಮೋಸದಿಂದ ಕರೆಸಿ ಕೊಲ್ಲಿಸಿದನು. ಬಂಕಾಪುರದ ಪತನವನ್ನು ಎರಡು ಧರ್ಮಗಳ ಸಂಘರ್ಷವೆಂದು ಬರೆಯುವವರು ಈ ಸವಾರರನ್ನು ಯಾವ ಪಕ್ಷಕ್ಕೆ ಸೇರಿಸುತ್ತಾರೆಂದು ತಿಳಿಯದು. ಗೆದ್ದ ಮೇಲೆ ಇಲ್ಲಿಯ ದೇವಾಲಯವನ್ನು ಕೆಡವಿಸಿ ಮಸೀದಿಯನ್ನು ಕಟ್ಟಿಸಲಾಯಿತೆಂದು ಫೆರಿಸ್ತಾ ಹೇಳುತ್ತಾನೆ, ಅದನ್ನು ಮರೆಮಾಚಬೇಕಿಲ್ಲ. ಕೋಟೆ ಬಿದ್ದ ಬಗೆಯನ್ನು ವಿವರಿಸಲು ಮಾತ್ರ ಅದು ಸಾಲದು.

ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಬಂಕಾಪುರವು ಮಿಯಾನಾ ಪಠಾಣ ಮನೆತನದ ಕೈಯಲ್ಲಿತ್ತು. ಬಿಜಾಪುರದ ಪ್ರಮುಖ ಸರದಾರನಾಗಿದ್ದ ಅಬ್ದುಲ್ ಕರೀಮ್ ಬಹಲೋಲಖಾನನು 1674ರಲ್ಲಿ ನೇಸರಿಯ ಕಾಳಗದಲ್ಲಿ ಶಿವಾಜಿಯ ಸೇನಾಪತಿ ಪ್ರತಾಪರಾವ್ ಗುಜರನನ್ನು ಎದುರಿಸಿದವನು. ಪ್ರತಾಪರಾವನು ಅಲ್ಲಿ ಮಡಿದನು. ಬಾಲಕ ಸುಲ್ತಾನ ಸಿಕಂದರನ ಪರವಾಗಿ ರಾಜ್ಯವನ್ನು ನಡೆಸುತ್ತಿದ್ದ ಖವಾಸಖಾನನನ್ನು ಬಹಲೋಲನು 1675ರ ನವೆಂಬರಿನಲ್ಲಿ ಸೆರೆಹಿಡಿದು ಬಂಕಾಪುರದ ಕೋಟೆಯಲ್ಲಿರಿಸಿದನು. ಬಹಲೋಲನ ಬಲಗೈಯಾಗಿದ್ದ ಖಿಜರಖಾನನನ್ನು ದಖನಿ ಪಕ್ಷದವರು ಕೊಂದಾಗ, ಅದಕ್ಕೆ ಪ್ರತೀಕಾರವಾಗಿ 1676ರ ಜನವರಿಯಲ್ಲಿ ಸೆರೆಯಲ್ಲಿದ್ದ ಖವಾಸಖಾನನನ್ನು ಕೊಲ್ಲಿಸಲಾಯಿತು. ಅಲ್ಲಿಂದ ಮುಂದೆ ಪಠಾಣರಿಗೂ ದಖನಿಗಳಿಗೂ ಬಹಿರಂಗ ಕಾದಾಟ ನಡೆಯಿತು. ಬಿಜಾಪುರ ರಾಜ್ಯದ ಕೊನೆಯ ದಶಕವನ್ನು ಮೊಗಲರ ಮುತ್ತಿಗೆಯ ಮುನ್ನುಡಿಯಾಗಿ ಮಾತ್ರ ನೋಡುವ ಅಭ್ಯಾಸ ನಮ್ಮಲ್ಲಿದೆ. ವಾಸ್ತವವಾಗಿ ಅದು ಸೇವೆಗೆಂದು ಬಂದ ಯೋಧ ಗುಂಪುಗಳು ಒಡೆಯನೇ ದುರ್ಬಲನಾದಾಗ ಕೊಲೆಗೆ ಕೊಲೆಯೆಂಬಂತೆ ಪರಸ್ಪರ ತೀರಿಸಿಕೊಂಡ ಹಗೆಯ ಕಾಲ.

1677ರ ಕೊನೆಯಲ್ಲಿ ಬಹಲೋಲಖಾನನು ತೀರಿಕೊಂಡಾಗ ನಡೆದ ಸಂಗತಿ ನಮ್ಮ ವಿಷಯಕ್ಕೆ ಬಹಳ ಪ್ರಸ್ತುತ. ಅವನ ಪಠಾಣ ಸೈನಿಕರಿಗೆ ಬಹುಕಾಲದ ಸಂಬಳ ಬಾಕಿಯಿತ್ತು. ಅವರು ಬಿಜಾಪುರ ನಗರದಲ್ಲಿಯೇ ದಾಂಧಲೆಗಿಳಿದು, ಹಣವಿದ್ದವರನ್ನು ಹಿಡಿದು ಹಿಂಸಿಸಿದರು. ಕೊನೆಗೆ ಸಿದ್ದಿ ಮಸೂದನು ಆ ಬಾಕಿಯನ್ನು ತೀರಿಸುವ ಒಪ್ಪಂದದ ಮೇಲೆ ಕೋಟೆಯನ್ನೂ ಅಧಿಕಾರವನ್ನೂ ಪಡೆದನು. ಚೆಲ್ಲಕೇತನರ ಕಾಲಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿ ಕಾಣುತ್ತದೆ. ನೆಲವೇ ಸಂಬಳವಾಗಿದ್ದಾಗ ಬಾಕಿಯೆಂಬುದು ಹುಟ್ಟುವುದು ಕಷ್ಟ. ಬೆಳೆ ಬಂದಾಗ ಭಟನ ಪಾಲು ಭಟನ ಮನೆಗೆ ಬರುತ್ತದೆ. ಸರದಾರನಿಗೆ ಜಹಗೀರು, ಸಿಪಾಯಿಗೆ ನಗದು ಎಂಬ ವ್ಯವಸ್ಥೆಯಲ್ಲಿ ಮನೆತನ ಸುಖವಾಗಿದ್ದು ಸಿಪಾಯಿ ಹಸಿದಿರುವುದು ಸಾಧ್ಯವಾಯಿತು. ಜೋಳವಾಳಿಯ ಕಟ್ಟು ಜೋಳ ಸಿಗುವವರೆಗೆ.

ಮನೆತನ ಮಾತ್ರ ಉಳಿಯಿತು. 1686ರಲ್ಲಿ ಬಿಜಾಪುರ ಔರಂಗಜೇಬನಿಗೆ ಶರಣಾದಾಗ, ಕೋಟೆಯವರ ಪರವಾಗಿ ಮಾತುಕತೆ ನಡೆಸಿದವರಲ್ಲಿ ಬಹಲೋಲನ ಮಗ ಅಬ್ದುಲ್ ರವೂಫಖಾನನೂ ಒಬ್ಬ. ಅವನಿಗೆ ದಿಲೇರಖಾನನೆಂಬ ಬಿರುದೂ ಬಂಕಾಪುರ, ತೊರಗಲ್ಲು, ಆಜಮನಗರಗಳ ಭಾಗದ 22 ಮಹಲುಗಳ ಜಹಗೀರೂ ದೊರೆತವು. ಒಡೆಯನು ಬದಲಾದನು, ಸೇವೆ ಬದಲಾಗಲಿಲ್ಲ. ಮುಂದೆ ಮನೆತನವು ನೆರೆಯ ಸವಣೂರನ್ನು ತನ್ನ ಪಟ್ಟಣವಾಗಿ ಬೆಳೆಸಿತು, ಕ್ರಮೇಣ ಬಂಕಾಪುರದ ಹೆಸರು ಹಿಂದಾಯಿತು.

ಸವಣೂರು ನವಾಬರ ಹದಿನೆಂಟನೆಯ ಶತಮಾನದ ಚರಿತ್ರೆಯನ್ನು ಇಲ್ಲಿ ಪೂರ್ತಿಯಾಗಿ ಹೇಳುವುದು ಸಾಧ್ಯವಿಲ್ಲ. 1747ರಲ್ಲಿ ಅಬ್ದುಲ್ ಮಜೀದಖಾನನು ಮರಾಠರಿಗೆ ಹಲವು ಪರಗಣೆಗಳನ್ನು ಬಿಟ್ಟುಕೊಡಬೇಕಾಯಿತು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾಯನೂ ನಿಜಾಮ ಸಲಾಬತಜಂಗನೂ ಬುಸ್ಸಿಯ ಫ್ರೆಂಚ್ ತೋಪುಗಳೊಡನೆ ಸವಣೂರನ್ನು ಮುತ್ತಿದರು. ಆ ಮುತ್ತಿಗೆಗೆ ನೆಪವಾದವನು ಮುಜಫರಖಾನನೆಂಬ ಗಾರ್ದಿ ಪಡೆಯ ನಾಯಕ. ಪೇಶ್ವೆಯ ಸೇವೆಯನ್ನು ಬಿಟ್ಟು ನವಾಬನ ಆಶ್ರಯಕ್ಕೆ ಬಂದಿದ್ದನು. ಒಂದು ಕಾಲಕ್ಕೆ ತಾವೇ ಸುಲ್ತಾನರಿಗೆ ದಂಡು ಒದಗಿಸುತ್ತಿದ್ದ ಮನೆಯವರು ಈಗ ಮತ್ತೊಬ್ಬ ಬಾಡಿಗೆ ಸೇನಾನಿಯನ್ನು ಇಟ್ಟುಕೊಂಡು ಅದರಿಂದಲೇ ಸಂಕಟಕ್ಕೆ ಸಿಕ್ಕಿದರು. 1764ರಲ್ಲಿ ಹೈದರನಿಗೂ ಪೇಶ್ವೆ ಮಾಧವರಾಯನಿಗೂ ನಡೆದ ಕದನ ಹಿರೇಕೆರೂರು ಸೀಮೆಯ ರಟ್ಟಿಹಳ್ಳಿಯ ಬಯಲಿನಲ್ಲಿ. ಎರಡು ದೊಡ್ಡ ಶಕ್ತಿಗಳ ನಡುವೆ ಸಿಕ್ಕಿದ ನವಾಬ ಅಬ್ದುಲ್ ಹಕೀಮಖಾನನು ಒಮ್ಮೆ ಇವರ, ಒಮ್ಮೆ ಅವರ ಕಡೆಗಿದ್ದನು.

1779ರಲ್ಲಿ ಅವನು ಹೈದರನೊಡನೆ ಬೀಗತನ ಬೆಳೆಸಿದನು. ಹೈದರನ ಮಗನಿಗೆ ನವಾಬನ ಮಗಳು, ನವಾಬನ ಮಗನಿಗೆ ಹೈದರನ ಮಗಳು. ಇದರೊಡನೆ ಇನ್ನೊಂದು ಕರಾರೂ ಆಯಿತು: ನವಾಬನು ಎರಡು ಸಾವಿರ ಆಯ್ದ ಪಠಾಣ ಸವಾರರನ್ನು ತನ್ನ ಇಬ್ಬರು ಮಕ್ಕಳ ಮುಂದಾಳುತನದಲ್ಲಿ ಹೈದರನ ಸೇವೆಗೆ ಕಳುಹಿಸಬೇಕು. ಈ ಕರಾರಿನ ಒಡೆಯನಾದ ಹೈದರನೂ ಮೈಸೂರಿನ ಸೇವೆಯಲ್ಲಿ ಸಿಪಾಯಿಯ ಮನೆಯಿಂದ ಮೇಲೆದ್ದವನೇ. 1786ರಲ್ಲಿ ಟಿಪ್ಪುವಿನ ಸೈನ್ಯ ಸವಣೂರನ್ನು ಹೊಕ್ಕಾಗ ಹಕೀಮಖಾನನು ಅಲ್ಲಿರಲಿಲ್ಲ. ಅವನು ಮೊದಲೇ ಮರಾಠರ ಬೀಡನ್ನು ಸೇರಿಕೊಂಡಿದ್ದನು. ಅನಂತರದ ನವಾಬರು ಕೆಲವು ಹಳ್ಳಿಗಳ ಹುಟ್ಟುವಳಿಯ ಮೇಲೆ, ದಂಡು ಕೊಡುವ ಹೊಣೆಯಿಲ್ಲದೆ, ಬ್ರಿಟಿಷರ ಅಧೀನದ ಸಣ್ಣ ಸಂಸ್ಥಾನಿಕರಾಗಿ ಮುಂದುವರಿದರು. 1948ರಲ್ಲಿ ಸವಣೂರು ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.